ಕಾಡಿಗೆ ಹೋದ ಬೆರಳು

ಪ್ವೆರ್ತೊ ಮಾಲ್ದೊನಾದೊ,
ಬಂದರಿನ ಮೆಟ್ಟಿಲ ಮೇಲಿಂದ,
ಗುರುವಾರ, ಫೆಬ್ರವರಿ 19

ನನ್ನ ಪ್ರೀತಿಯ ಮುದುಕಾ,

ಹೇಗಿದ್ದೀಯ? ಜ್ವರ ಮತ್ತೆ ಬಂತಾ? ಬಂದಿದ್ದರೆ ಮಾತ್ರೆಯನ್ನು ಮೂರು ದಿನವೂ ನುಂಗು. ಒಂದು ದಿನ ನುಂಗಿ ಉಳಿದದ್ದನ್ನು ಮುಂದಿನ ವರ್ಷಕ್ಕೆ ಎತ್ತಿಡುವ ಜಾಣತನ ಬೇಡ. ತಲೆಗೆ ಹೆಲ್ಮೆಟ್ ಹಾಕಿಕೊಳ್ಳುತ್ತಿದ್ದೀಯಾ? ಸೆಕೆ ಅಂತ ತೆಗೆದಿಟ್ಟಿರುತ್ತೀಯ, ನನಗೆ ಗೊತ್ತು. ಹೋದ ವಾರ ಮೇಲಿನ ಹೊಳೆಯ ಶಿಬಿರದಿಂದ ಒಬ್ಬನನ್ನು ದೋಣಿಯಲ್ಲಿ ಮಲಗಿಸಿಕೊಂಡು ತಂದರು. ನೀವು ಆಯುವ ಅದೇ ಕಾಸ್ತಾನ್ಯಾ ಕಾಯಿ, ಕಲ್ಲಿನಂಥದ್ದು, ಮರದಿಂದ ಅವನ ಭುಜದ ಮೇಲೆ ಬಿದ್ದು ಮೂಳೆ ಎರಡು ತುಂಡಾಗಿತ್ತು. ಅವನ ಹೆಂಡತಿ ಅಳುವುದು ಬಿಟ್ಟು ಅವನನ್ನೇ ಬೈಯುತ್ತಿದ್ದಳು. ನನಗೆ ಅವಳು ಬಹಳ ಹಿಡಿಸಿದಳು. ದೊನ್ ರೊಸೆಂದೊ ದೋಣಿಯಲ್ಲಿ ಅಕ್ಕಿ, ಉಪ್ಪು, ಒಣ ಮೀನು, ಎರಡು ಜೊತೆ ಕಾಲುಚೀಲ ಕಳಿಸುತ್ತಿದ್ದೇನೆ. ಕಾಲುಚೀಲ ನಿನಗೆ, ಮೀನನ್ನು ಶಿಬಿರದವರಿಗೂ ಕೊಡು. ಹೊಳೆ ತುಂಬಿದೆ, ಮೇಲೆ ಬರಲು ಎರಡು ದಿನ ಹಿಡಿಯುತ್ತದೆ ಅನ್ನುತ್ತಾರೆ ಅವರು. ಹನ್ನೆರಡು ಗಂಟೆಗೆ ಹೊರಡುತ್ತಾರಂತೆ, ಈಗ ಹತ್ತಾಗಿದೆ. ಅಷ್ಟರೊಳಗೆ ಇದನ್ನು ಬರೆದು ಮುಗಿಸಬೇಕು.

ಅರೆಲಿ ನನ್ನ ಪಕ್ಕದಲ್ಲೇ ಕೂತಿದ್ದಾಳೆ. ನಾನು ಏನು ಬರೆಯುತ್ತಿದ್ದೇನೆ ಅಂತ ಇಣುಕಿ ನೋಡುತ್ತಾಳೆ, ನಾನು ಕೈ ಅಡ್ಡ ಇಡುತ್ತೇನೆ. ಊಟ ಸುಮಾರು. ನಿದ್ದೆ ಪರವಾಗಿಲ್ಲ, ಎರಡು ದಿಂಬು ಇಟ್ಟು ಒರಗಿ ಮಲಗಿದರೆ ಬರುತ್ತದೆ. ತುಟಿಯ ನೀಲಿ ಮೊದಲು ಓಡಿದಾಗ ಮಾತ್ರ ಬರುತ್ತಿತ್ತಲ್ಲ, ಈಗ ಬಟ್ಟೆ ಮಡಚಿದರೂ ಬರುತ್ತದೆ. ನಿನಗೆ ಹೆದರಿಕೆ ಹುಟ್ಟಿಸಲು ಬರೆಯುತ್ತಿಲ್ಲ, ಮುಚ್ಚಿಟ್ಟರೆ ಆಮೇಲೆ ನೀನು ನನ್ನನ್ನು ಕ್ಷಮಿಸುವುದಿಲ್ಲ. ಈ ಬಂದರಿನ ಮೆಟ್ಟಿಲು ಅವಳು ಹತ್ತುವಂತಿಲ್ಲ, ಇಳಿಯುವಂತಿಲ್ಲ. ಬೆಳಿಗ್ಗೆ ಎತ್ತಿಕೊಂಡು ಇಳಿಯುತ್ತೇನೆ, ಸಂಜೆ ಎತ್ತಿಕೊಂಡು ಹತ್ತುತ್ತೇನೆ. ಒಂಬತ್ತು ವರ್ಷದ ಹುಡುಗಿ ನನ್ನ ಸೊಂಟದ ಮೇಲೆ ಕೂತು, ಅಮ್ಮಾ ನಾನು ಭಾರ ಅಲ್ವಾ ಅಂತ ಕೇಳುತ್ತಾಳೆ. ಭಾರವೇ ಇಲ್ಲ ವಿಲ್ಮೆರ್, ಅದೇ ನನಗೆ ಸಂಕಟ.

ಇಲ್ಲಿ ಯಾಕೆ ಕೂತಿದ್ದೇವೆ ಅಂತ ಕೇಳುತ್ತೀಯ. ನಿನ್ನ ಮುದ್ದಿನ ಗಾರ್ಸ ಫೋನ್ ಕಂಪನಿಯ ದೆಸೆಯಿಂದ ಕೂತಿದ್ದೇವೆ. ನೀನು ಕಾಡಿಗೆ ಹೋಗಿ ಹತ್ತು ದಿನಕ್ಕೆ ಗಾಳಿಮಳೆ ಬಂದು ನಮ್ಮ ಬೀದಿಯ ಹಿಂದಿನ ಅವರ ಟವರಿಗೆ ಸಿಡಿಲು ಹೊಡೆಯಿತು. ಅವತ್ತಿಂದ ಮನೆಯಲ್ಲಿ ಸಿಗ್ನಲ್ ಇಲ್ಲ, ಬೀಜದ ಕಾರ್ಖಾನೆಯಲ್ಲಿ ಇದ್ದೂ ಇಲ್ಲದಂತೆ, ಮಾರುಕಟ್ಟೆಯಲ್ಲಿ ಆಗೊಮ್ಮೆ ಈಗೊಮ್ಮೆ ಒಂದು ಗೆರೆ ಬಂದು ಮುಖ ತೋರಿಸಿ ಹೋಗುತ್ತದೆ. ಕಂಪನಿಗೆ ಹೇಳಿದರೆ, ತಾತ್ಕಾಲಿಕ ತೊಂದರೆ ಅನ್ನುತ್ತಾರೆ. ತಿಂಗಳಾಯಿತು ತಾತ್ಕಾಲಿಕ. ಅದರ ಸಿಗ್ನಲ್ ನಿಲ್ಲುವ ಒಂದೇ ಜಾಗ ಈ ಮೆಟ್ಟಿಲು, ಅದೂ ಕೆಳಗಿನಿಂದ ಐದನೆಯದು. ಹೊಳೆಯಾಚೆಯ ಟವರು ಇಲ್ಲಿಗೆ ನೇರವಾಗಿ ಕಾಣುತ್ತದಂತೆ.

ಹೋದ ವರ್ಷವೇ ನಾನು ಬಡಕೊಂಡೆ, ಬದಲಾಯಿಸೋಣ ಅಂತ. ನೀನು ಏನಂದೆ, ನೆನಪಿದೆಯಾ? "ಹನ್ನೊಂದು ವರ್ಷದ ಕಂಪನಿ ಕಣೇ. ಕಂಪನಿ ಬದಲಾಯಿಸೋನು ನಾಳೆ ಹೆಂಡ್ತೀನೂ ಬದಲಾಯಿಸ್ತಾನೆ." ನಿನ್ನ ಅಣ್ಣಂದಿರೆಲ್ಲ ನಕ್ಕರು. ಹೆಂಡತಿ ಕರೆದ ಕೂಡಲೇ ಓಗೊಡುತ್ತಾಳೆ, ನಿನ್ನ ಕಂಪನಿ ಓಗೊಡುವುದಿಲ್ಲ ಅಂತ ಅವತ್ತೇ ಹೇಳಬೇಕಿತ್ತು. ಒಳ್ಳೆ ಮಾತು ನನಗೆ ಯಾವಾಗಲೂ ಜನ ಎದ್ದು ಹೋದ ಮೇಲೆ ಹೊಳೆಯುತ್ತದೆ.

ಈಗ ಮುಖ್ಯ ವಿಷಯಕ್ಕೆ ಬರುತ್ತೇನೆ, ಕೂತುಕೊಂಡು ಓದು. ಲೀಮಾದ ಆಸ್ಪತ್ರೆಯವರು ಅರೆಲಿಯ ಹೃದಯದ ಆಪರೇಷನ್ನಿಗೆ ಹಾಸಿಗೆ ಖಾಲಿಯಾದಾಗ ಫೋನ್ ಮಾಡುತ್ತೇವೆ, ಮೂರು ಸಲ ಮಾಡುತ್ತೇವೆ, ಮೂರೂ ಸಲ ಸಿಗದಿದ್ದರೆ ಹಾಸಿಗೆ ಮುಂದಿನ ಮಗುವಿಗೆ, ನಿಮ್ಮ ಹೆಸರು ಪಟ್ಟಿಯ ಕೊನೆಗೆ ಅಂದಿದ್ದರಲ್ಲ. ಎಂಟು ತಿಂಗಳು ಕಾದೆವು. ಈ ತಿಂಗಳ ಹತ್ತನೇ ತಾರೀಕು ನಾನು ಕಾರ್ಖಾನೆಯಿಂದ ಬರುತ್ತಾ ಮಾರುಕಟ್ಟೆಯ ಹತ್ತಿರ ಬಂದಾಗ ಫೋನ್ ಕುಂಯ್ ಅಂದಿತು. ಸಂದೇಶ ಬಂದಿತ್ತು: ಮೊದಲ ಪ್ರಯತ್ನ, ಸಂಪರ್ಕ ಸಿಗಲಿಲ್ಲ. ಅದು ಬಂದದ್ದು ಬೆಳಿಗ್ಗೆ ಒಂಬತ್ತಕ್ಕೆ, ನನ್ನ ಕೈಗೆ ಸಿಕ್ಕಿದ್ದು ಮಧ್ಯಾಹ್ನ ಎರಡಕ್ಕೆ. ತಿರುಗಿ ಮಾಡಿದರೆ, ಈ ನಂಬರು ಕರೆ ಸ್ವೀಕರಿಸುವುದಿಲ್ಲ ಅಂತ ಹೆಂಗಸಿನ ದನಿ. ಬಾಳೆ ಮಾರುವವಳ ಮುಂದೆ ನಿಂತು ಅತ್ತುಬಿಟ್ಟೆ. ಅವಳು ಪಾಪ, ಬಾಳೆಯ ರೇಟು ಕೇಳಿ ಅಳುತ್ತಿದ್ದೇನೆ ಅಂದುಕೊಂಡು ಇಳಿಸಿದಳು.

ಮಾರನೇ ದಿನ ಕಾರ್ಖಾನೆಯಲ್ಲಿ ನಮ್ಮ ಸಾಲಿನ ಹೆಂಗಸರೆಲ್ಲ ಸೇರಿ ಪರೀಕ್ಷೆ ಮಾಡಿದೆವು. ದೊನ್ಯಾ ಬಾಸಿಲಿಯಾ ಗೊತ್ತಲ್ಲ, ನನ್ನ ಬಲಗಡೆಯ ಮೇಜಿನಲ್ಲಿ ಸುಲಿಯುವವಳು, ದೊಡ್ಡ ಬಾಯಿ, ಅದಕ್ಕಿಂತ ದೊಡ್ಡ ಮನಸ್ಸು. ಕೂಸ್ಕೊದಲ್ಲಿರುವ ತಂಗಿಗೆ ಹೇಳಿ, ಒಬ್ಬೊಬ್ಬರ ಫೋನಿಗೂ ಹತ್ತು ಸಲ ಕರೆ ಮಾಡಿಸಿದಳು. ಮೇಜಿನ ಮೇಲೆ ಬೀಜ ಸರಿಸಿ ಫೋನುಗಳನ್ನು ಸಾಲಾಗಿ ಇಟ್ಟೆವು. ಗಾರ್ಸ ಹತ್ತರಲ್ಲಿ ಎರಡು ಸಲ ಬಡಕೊಂಡಿತು, ಅದರಲ್ಲಿ ಒಂದು ಸಲ ತಂಗಿಯ ಮಾತು ಮಡಕೆಯೊಳಗಿಂದ ಬಂದಂತೆ ಕೇಳಿಸಿತು. ಟುಕಾನ್ ಕಂಪನಿಯದು ಹತ್ತರಲ್ಲಿ ಒಂಬತ್ತು. ಮೇಲ್ವಿಚಾರಕ ಬಂದು ಇದೇನು ಸಂತೆ ಅಂದ. ಬಾಸಿಲಿಯಾ ತಲೆ ಎತ್ತದೆ, "ಒಂದು ಮಗೂ ಜೀವದ ಪ್ರಶ್ನೆ ಸ್ವಾಮಿ, ನೀವೂ ನಿಮ್ಮ ಫೋನು ಇಡಿ, ಯಾವ ಕಂಪನಿ?" ಅಂದಳು. ಅವನೂ ಇಟ್ಟ. ಅವನದೂ ಗಾರ್ಸ, ಸೊನ್ನೆ. ಮುಖ ಹುಳ್ಳಗೆ ಮಾಡಿಕೊಂಡು ಹೋದ.

ಸಂಜೆಯೇ ಟುಕಾನ್ ಅಂಗಡಿಗೆ ಹೋದೆ. ನಂಬರು ಅದೇ ಇರುತ್ತದೆ, ಒಂದೇ ದಿನದಲ್ಲಿ ನಮ್ಮ ಕಡೆಗೆ ಬರುತ್ತದೆ, ಬೆರಳು ಇಡಿ ಅಂದಳು ಹುಡುಗಿ. ಇಟ್ಟೆ. ಯಂತ್ರ ಕೆಂಪಾಯಿತು. ಒರೆಸಿ ಇಟ್ಟೆ, ಇನ್ನೊಂದು ಬೆರಳು ಇಟ್ಟೆ, ಹತ್ತೂ ಬೆರಳು ಇಟ್ಟೆ. ಹದಿನಾರು ವರ್ಷ ಕಾಸ್ತಾನ್ಯಾ ಸುಲಿದ ಬೆರಳಿಗೆ ಗೆರೆ ಎಲ್ಲಿಂದ ಬರಬೇಕು? ನಮ್ಮ ಸಾಲಿನಲ್ಲಿ ಯಾರ ಬೆರಳೂ ಹತ್ತುವುದಿಲ್ಲ. "ಬ್ಯಾಂಕ್ ದೋಚೋಕೆ ನಾವೇ ಸರಿ ಕಣ್ರೇ, ಗುರುತೇ ಸಿಗಲ್ಲ" ಅನ್ನುತ್ತಾಳೆ ಬಾಸಿಲಿಯಾ. ಅಷ್ಟರಲ್ಲಿ ಹುಡುಗಿ ಪರದೆ ನೋಡಿ, "ಸೆನ್ಯೊರಾ, ಈ ನಂಬರು ನಿಮ್ಮ ಹೆಸರಲ್ಲೇ ಇಲ್ಲ. ವಿಲ್ಮೆರ್ ಚಾಲ್ಕೊ ಅಂತಿದೆ. ಅವರ ಬೆರಳು ಬೇಕು" ಅಂದಳು. ಆಗ ನೆನಪಾಯಿತು, ನಂಬರು ತೆಗೆದುಕೊಂಡ ದಿನವೂ ನನ್ನ ಬೆರಳು ಹತ್ತದೆ ನೀನೇ ಒತ್ತಿದ್ದೆ. ಅವರ ಬೆರಳು ಅವರ ಜೊತೆ ಕಾಡಿಗೆ ಹೋಗಿದೆ, ಮಾರ್ಚ್ ಕೊನೆಗೆ ಬರುತ್ತದೆ ಅಂದೆ. ಅವಳಿಗೆ ನಗು ಬಂತು, ನನ್ನ ಮುಖ ನೋಡಿ ತಡೆದುಕೊಂಡಳು.

ಬೇರೆ ಯಾರದಾದರೂ ನಂಬರನ್ನು ಆಸ್ಪತ್ರೆಗೆ ಕೊಡಬಾರದಾ ಅನ್ನುತ್ತೀಯ. ಅದನ್ನು ಯೋಚಿಸದಷ್ಟು ದಡ್ಡಿಯಲ್ಲ ನಾನು. ಮಾರನೇ ದಿನ ಇಲ್ಲಿಯ ಆಸ್ಪತ್ರೆಯ ಕಿಟಕಿಗೆ ಹೋಗಿ ಕೇಳಿದೆ. ನಂಬರು ಬದಲಾಯಿಸಲು ಅರ್ಜಿ ಕೊಡಬೇಕು, ಅರ್ಜಿಗೆ ಮಗುವಿನ ಹೊಣೆ ಹೊತ್ತವರು ಬೆರಳು ಒತ್ತಬೇಕು. ಹೊಣೆ ಹೊತ್ತವರು ಅಂತ ಅಲ್ಲೂ ನಿನ್ನ ಹೆಸರೇ ಇದೆ, ಅಲ್ಲೂ ನನ್ನ ಬೆರಳು ಹತ್ತಿರಲಿಲ್ಲವಲ್ಲ. ಒಂಬತ್ತು ತಿಂಗಳು ಹೊತ್ತವಳು ಕಿಟಕಿಯ ಹೊರಗೆ ನಿಂತಿದ್ದೆ. ಬೈಯೋಣ ಅಂದರೆ ಕಿಟಕಿಯವಳೂ ಒಳ್ಳೆಯವಳು, ನನ್ನ ಕೈ ಹಿಡಿದು ನೋಡಿ ಪಾಪ ಅಂದಳು.

ಅವತ್ತಿಂದ ಈ ಮೆಟ್ಟಿಲು. ಬೆಳಿಗ್ಗೆ ಎಂಟರಿಂದ ಸಂಜೆ ಐದರವರೆಗೆ. ಆಸ್ಪತ್ರೆಯ ಕಚೇರಿ ತೆರೆದಿರುವಷ್ಟು ಹೊತ್ತು ನಾನು ಐದನೇ ಮೆಟ್ಟಿಲ ಮೇಲೆ. ನನ್ನ ಪಾಲಿನ ಬೀಜವನ್ನು ಬಾಸಿಲಿಯಾ ಮತ್ತು ಅವಳ ಸೊಸೆ ಹಂಚಿಕೊಂಡು ಸುಲಿಯುತ್ತಿದ್ದಾರೆ. ಹುವಾನೆ ಮಾರುವ ಅಜ್ಜಿ ನಮಗೆ ಛತ್ರಿಯ ನೆರಳು ಕೊಟ್ಟಿದ್ದಾಳೆ, ಎಲೆ ಬಿಚ್ಚಿ ಅನ್ನದೊಳಗಿನ ಮೊಟ್ಟೆಯನ್ನು ಅರೆಲಿಗೆ ತಾನೇ ತಿನ್ನಿಸುತ್ತಾಳೆ.

ಆದರೆ ನಾನು ಟುಕಾನ್ ಅಂಗಡಿಯಲ್ಲಿ ನಂಬರು ಬರೆಸಿ ಬಂದೆನಲ್ಲ, ಅಲ್ಲಿಂದ ಇನ್ನೊಂದು ಪೀಡೆ ಗಂಟುಬಿತ್ತು. ಟುಕಾನ್‌ನವರು ಬನ್ನಿ ಬನ್ನಿ ಅಂತ ಕರೆಯುತ್ತಾರೆ. ನಾನು ಹೋಗುವ ಸುದ್ದಿ ಗಾರ್ಸದವರಿಗೆ ಹೇಗೋ ತಿಳಿದು, ಅವರು ಹೋಗಬೇಡಿ ಹೋಗಬೇಡಿ ಅಂತ ಕರೆಯುತ್ತಾರೆ. ಹನ್ನೊಂದು ವರ್ಷದಲ್ಲಿ ಒಂದು ದಿನ ನಮ್ಮನ್ನು ವಿಚಾರಿಸದವರು ಈಗ ದಿನಕ್ಕೆ ಎಂಟು ಹತ್ತು ಸಲ. ಎಲ್ಲ ಲೀಮಾದ ನಂಬರುಗಳು, ಎಲ್ಲ ಸೊನ್ನೆ ಒಂದರಿಂದ ಶುರು, ಆಸ್ಪತ್ರೆಯದೂ ಹಾಗೇ. ಪ್ರತಿ ಸಲ ಫೋನು ಬಡಿದಾಗ ಆಸ್ಪತ್ರೆಯವರೇ ಅಂತ ಎರಡೂ ಕೈಯಲ್ಲಿ ಹಿಡಿದು ಕಿವಿಗೆ ಒತ್ತಿಕೊಳ್ಳುತ್ತೇನೆ. ಪ್ರತಿ ಸಲ ಯಾವನೋ ಒಬ್ಬ, "ವಿಲ್ಮೆರ್ ಚಾಲ್ಕೊ ಅವರ ಮನೆಯವರಾ? ನಿಮಗೊಂದು ಒಳ್ಳೇ ಸುದ್ದಿ ಇದೆ" ಅನ್ನುತ್ತಾನೆ. ಒಳ್ಳೇ ಸುದ್ದಿ ಏನು ಅಂದರೆ, ತಿಂಗಳಿಗೆ ಇಷ್ಟು ಇಂಟರ್ನೆಟ್ ಹೆಚ್ಚು.

ಮೊನ್ನೆ ಮಂಗಳವಾರ. ಇದನ್ನು ಬರೆಯಲು ನನ್ನ ಕೈ ಬರುತ್ತಿಲ್ಲ, ಆದರೂ ಬರೆಯುತ್ತೇನೆ. ಬೆಳಿಗ್ಗೆಯಿಂದ ಆರು ಕರೆ ಬಂದಿದ್ದವು. ಬಿಸಿಲು ಏರಿತ್ತು. ಅರೆಲಿಗೆ ಕೂತಲ್ಲೇ ತಲೆ ತಿರುಗಿ ನನ್ನ ತೊಡೆಯ ಮೇಲೆ ಮಲಗಿದ್ದಳು, ನಾನು ಅವಳ ಹಣೆಗೆ ಒದ್ದೆ ಬಟ್ಟೆ ಹಾಕುತ್ತಿದ್ದೆ. ಹನ್ನೊಂದು ಗಂಟೆಗೆ ಏಳನೇ ಕರೆ. ಹೆಂಗಸಿನ ದನಿ. "ನಮಸ್ಕಾರ ಸೆನ್ಯೊರಾ, ವಿಲ್ಮೆರ್ ಚಾಲ್ಕೊ ಅವರ ಮನೆಯವರಾ? ನಿಮಗೊಂದು ಒಳ್ಳೇ ಸುದ್ದಿ..." ಅಷ್ಟೇ ಹೇಳಲು ಬಿಟ್ಟದ್ದು ನಾನು. "ಒಳ್ಳೇ ಸುದ್ದಿ ನಿನ್ನ ತಲೆ! ನನ್ನ ಗಂಡ ಕಾಡಲ್ಲಿದಾನೆ, ಅವನ ಬೆರಳು ಬೇಕಿದ್ರೆ ನೀನೇ ಹೋಗಿ ಕಚ್ಕೊಂಡು ಬಾ! ಇನ್ನೊಂದು ಸಲ ಈ ನಂಬರಿಗೆ ಫೋನ್ ಮಾಡಿದ್ರೆ ಲೀಮಾಕ್ಕೆ ಬಂದು ನಿನ್ನ ನಾಲಿಗೆ ಸುಲೀತೀನಿ!" ಅಂತ ಕೂಗಿ ಇಟ್ಟುಬಿಟ್ಟೆ. ದೋಣಿಯವರೆಲ್ಲ ಚಪ್ಪಾಳೆ ತಟ್ಟಿದರು. ನನಗೂ ಒಂದು ಕ್ಷಣ ಎದೆ ಹಗುರಾಯಿತು, ಅದೇ ನನಗೆ ಈಗ ನಾಚಿಕೆ. ಐದು ನಿಮಿಷಕ್ಕೆ ಸಂದೇಶ ಬಂತು: ಎರಡನೇ ಪ್ರಯತ್ನ, ಕುಟುಂಬದವರು ಮಾತನಾಡಲು ನಿರಾಕರಿಸಿದರು.

ವಿಲ್ಮೆರ್, ನಾನೇ ಮಾಡಿದೆ. ಗಾರ್ಸ ಅಲ್ಲ, ಟವರು ಅಲ್ಲ, ಸಿಡಿಲು ಅಲ್ಲ. ಸಿಗ್ನಲ್ ನಾಲ್ಕು ಗೆರೆ ತುಂಬಿತ್ತು, ಅವಳ ಮಾತು ಪಕ್ಕದಲ್ಲಿ ಕೂತಂತೆ ಕೇಳಿಸುತ್ತಿತ್ತು. ನನ್ನ ಬಾಯಿ ನನ್ನ ಮಗಳ ಹಾಸಿಗೆಯನ್ನು ಒದ್ದುಬಿಟ್ಟಿತು. ನೀನು ಬೈಯಬೇಕು ಅನ್ನಿಸಿದರೆ ಬೈ, ನಾನು ತುಟಿ ಪಿಟಕ್ಕೆನ್ನುವುದಿಲ್ಲ. ಅವತ್ತು ಅರೆಲಿ ಕಣ್ಣು ಬಿಟ್ಟು, "ಯಾರಮ್ಮಾ, ಮತ್ತೆ ಕಂಪನಿಯವರಾ?" ಅಂದಳು. ಹೌದು ಮಗಳೇ ಅಂದೆ. ಅವಳಿಗೆ ಇನ್ನೂ ಹೇಳಿಲ್ಲ.

ಈಗ ಉಳಿದಿರುವುದು ಒಂದೇ ಕರೆ. ನಿನ್ನೆಯಿಡೀ ಬಂದ ಕರೆಗೆಲ್ಲ, ನಮಸ್ಕಾರ, ಹೌದು, ಹೇಳಿ ಸೆನ್ಯೊರ್ ಅಂತ ಸಕ್ಕರೆಯಂತೆ ಮಾತಾಡಿದೆ. ಆಸ್ಪತ್ರೆಯವರು ಎಲ್ಲಿ ಮಧ್ಯದಲ್ಲಿ ಬಂದುಬಿಡುತ್ತಾರೋ ಅಂತ ಒಬ್ಬರನ್ನೂ ಗದರಲಿಲ್ಲ. ಮಾತಾಡುತ್ತಾ ಕೂತರೆ ಆ ಹೊತ್ತಿಗೇ ಅವರು ಮಾಡಿ, ಲೈನು ಸಿಗದೆ ಹೋದರೆ ಅನ್ನುವ ಭಯ ಬೇರೆ. ಸಂಜೆ ನಾಲ್ಕಕ್ಕೆ ಟುಕಾನ್‌ನಿಂದ ಒಬ್ಬ ಹುಡುಗಿ ಮಾಡಿದಳು. ಎಳೇ ದನಿ, ಹೊಸಬಳಿರಬೇಕು, ಕಾಗದ ನೋಡಿ ಓದುತ್ತಿದ್ದಳು. ಅವಳಿಗೆ ಯಾಕೋ ಎಲ್ಲ ಹೇಳಿಬಿಟ್ಟೆ, ಹೃದಯದ ತೂತು, ಬೆರಳು, ಮಂಗಳವಾರ, ಎಲ್ಲ. ಅವಳು ಕಾಗದ ಓದುವುದನ್ನು ಬಿಟ್ಟು ಮಗುವಿನ ವಯಸ್ಸು ಕೇಳಿದಳು. ಆಮೇಲೆ ದನಿ ತಗ್ಗಿಸಿ, "ಸೆನ್ಯೊರಾ, ನಿಮ್ಮ ನಂಬರನ್ನ ಪಟ್ಟಿಯಿಂದ ತೆಗೆದುಬಿಡ್ತೀನಿ. ಇಲ್ಲಿ ಯಾರಿಗೂ ಹೇಳಬೇಡಿ, ನನ್ನ ಕೆಲಸ ಹೋಗುತ್ತೆ. ಗಾರ್ಸದಲ್ಲಿ ನನ್ನ ಗೆಳತಿ ಇದಾಳೆ, ಅವಳಿಗೂ ಹೇಳ್ತೀನಿ" ಅಂದಳು. ಇವತ್ತು ಬೆಳಿಗ್ಗೆಯಿಂದ ಒಂದೂ ಕರೆ ಇಲ್ಲ. ಯಾವ ಕಂಪನಿ ಒಳ್ಳೆಯದು ಅಂತ ನನ್ನನ್ನು ಯಾರಾದರೂ ಕೇಳಿದರೆ, ಆ ಹುಡುಗಿ ಯಾವುದರಲ್ಲಿ ಇರುತ್ತಾಳೋ ಅದು ಅನ್ನುತ್ತೇನೆ.

ಆದರೆ ಈಗ ಈ ಮೌನವನ್ನು ತಡೆದುಕೊಳ್ಳಲು ಆಗುತ್ತಿಲ್ಲ. ಗಳಿಗೆಗೊಮ್ಮೆ ಫೋನು ಎತ್ತಿ, ಸತ್ತಿದೆಯೋ ಬದುಕಿದೆಯೋ ಅಂತ ನೋಡುತ್ತೇನೆ. ಅರೆಲಿ, ಅಮ್ಮಾ ಸುಮ್ಮನಿರು, ಅದಕ್ಕೂ ದಣಿವಾಗುತ್ತೆ ಅನ್ನುತ್ತಾಳೆ. ಅವಳು ಹೊಳೆಯ ದೋಣಿಗಳನ್ನು ಎಣಿಸುತ್ತಿದ್ದಾಳೆ. ಅಪ್ಪನ ಕಡೆಗೆ ಹೋಗುವವು ಎಷ್ಟು, ಅಪ್ಪನ ಕಡೆಯಿಂದ ಬರುವವು ಎಷ್ಟು ಅಂತ ಬೇರೆಬೇರೆ ಲೆಕ್ಕ.

ನೀನು ಕೆಲಸ ಬಿಟ್ಟು ಬರಬೇಕಾಗಿಲ್ಲ. ಬೀಜ ಈಗ ತಾನೇ ಉದುರುತ್ತಿದೆ, ಬಿಟ್ಟು ಬಂದರೆ ಕಾಡಿನ ಇಲಿಗಳ ಪಾಲು. ಮಾರ್ಚ್ ಕೊನೆಗೆ ಬಂದ ದಿನ ಮನೆಗೆ ಬರುವ ಮೊದಲು ಟುಕಾನ್ ಅಂಗಡಿಗೆ ಹೋಗಿ ಬೆರಳು ಒತ್ತು. ಹೆಂಡತಿಯನ್ನು ಬದಲಾಯಿಸುವ ಯೋಚನೆ ಇದ್ದರೆ ಅದನ್ನು ಆಮೇಲೆ ಮಾತಾಡೋಣ. ದೇವರ ತಾಯಿ ನಿನ್ನ ತಲೆ ಕಾಯಲಿ, ಹೆಲ್ಮೆಟ್ ಹಾಕಿಕೊಂಡರೆ ಅವಳಿಗೂ ಕೆಲಸ ಸುಲಭ. ಶಿಬಿರದಲ್ಲಿ ಎಲ್ಲರಿಗೂ ನಮ್ಮ ನಮಸ್ಕಾರ ತಿಳಿಸು. ಅರೆಲಿ ನಿನ್ನ ಎರಡೂ ಕೆನ್ನೆಗೆ ಮುತ್ತು ಕಳಿಸಿದ್ದಾಳೆ, ಗಡ್ಡ ಚುಚ್ಚದಂತೆ.

ನಿನ್ನವಳೇ, ಬಾಯಿ ಹರಕಿ,
ನಿಲ್ಡಾ

ಮತ್ತೆ: ಬಂತು! ಕಾಗದ ಮಡಚುತ್ತಿದ್ದೆ, ಹನ್ನೆರಡಕ್ಕೆ ಹತ್ತು ನಿಮಿಷ ಇತ್ತು, ಬಂತು. ಸೊನ್ನೆ ಒಂದು. ಅವಸರದಲ್ಲಿ ಫೋನು ಕೈಜಾರಿ ಮೆಟ್ಟಿಲ ಮೇಲೆ ಬಿತ್ತು, ಅರೆಲಿ ಎತ್ತಿ ಒತ್ತಿ ನನ್ನ ಕಿವಿಗೆ ಹಿಡಿದಳು. ಮಂಗಳವಾರದವಳೇ. "ಸೆನ್ಯೊರಾ, ಇವತ್ತು ಬೈತೀರೋ, ಇಲ್ಲ ನಾನು ಮಾತಾಡ್ಲೋ?" ಅಂದಳು. ಮಾತಾಡಿ ತಾಯಿ, ಕಾಲಿಗೆ ಬೀಳುತ್ತೇನೆ ಅಂದೆ. ಹಾಸಿಗೆ ಇದೆ. ಬುಧವಾರ ಬೆಳಿಗ್ಗೆ ಏಳಕ್ಕೆ ಅಲ್ಲಿರಬೇಕು, ಅಂದರೆ ಸೋಮವಾರ ಬೆಳಗಿನ ಬಸ್ಸು ಹತ್ತಲೇಬೇಕು. ಕಾಗದಕ್ಕೆ ಹೊಣೆ ಹೊತ್ತವರ ಬೆರಳು ಬೇಕು, ಅದಿಲ್ಲದೆ ಕತ್ತಿ ಮುಟ್ಟುವುದಿಲ್ಲವಂತೆ. ಮೇಲೆ ಬರೆದದ್ದು ಏನೂ ಓದಬೇಡ, ಬೀಜ ಹಾಳಾಗಿ ಹೋಗಲಿ. ದೊನ್ ರೊಸೆಂದೊ ಮೋಟಾರು ಶುರುಮಾಡಿದ್ದಾರೆ, ಶನಿವಾರ ನಿನ್ನನ್ನು ಹತ್ತಿಸಿಕೊಂಡು ಅಲ್ಲಿ ಒಂದು ಗಳಿಗೆಯೂ ನಿಲ್ಲದೆ ತಿರುಗಿಸುತ್ತೇನೆ ಅಂದಿದ್ದಾರೆ, ಇಳಿಯುವಾಗ ನೀರು ಜೊತೆಗಿರುತ್ತದೆ. ಕೊನೆಗೆ ಅವಳು, ಮಗುವಿನ ಅಪ್ಪ ಎಲ್ಲಿದ್ದಾರೆ ಅಂತ ಕೇಳಿದಳು. ಕಾಡಲ್ಲಿ ಅಂದರೆ ಹಾಸಿಗೆ ಬೇರೆಯವರಿಗೆ ಹೋಗುತ್ತದೆ ಅಂತ ಹೆದರಿ, ಹೊರಟಿದ್ದಾರೆ, ದಾರಿಯಲ್ಲಿದ್ದಾರೆ ಅಂದೆ. ಅವಳು ಹಾಗೇ ಬರೆದುಕೊಂಡಳು. ನಾನು ಸುಳ್ಳು ಹೇಳಿದ್ದೇನೆ ವಿಲ್ಮೆರ್. ಇದನ್ನು ಓದಿದ ಕೂಡಲೇ ಅದನ್ನು ನಿಜ ಮಾಡು.